ನೀಲಿಗೇರಿದ ಚಾಕು

ಮಾವ ತಮ್ಮ ತಟ್ಟೆಯ ಊಟವನ್ನಾದರೂ ಇನ್ನೊಬ್ಬರಿಗೆ ಕೊಟ್ಟಾರು, ಚರ್ಮ ಹೆರೆಯುವ ಚಾಕುವನ್ನು ಮಾತ್ರ ಕೊಡುವವರಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಕೂತು ನಲವತ್ತು ವರ್ಷದಿಂದ ಪುಸ್ತಕಗಳಿಗೆ ರಟ್ಟು ಕಟ್ಟುತ್ತ ಬಂದವರು. ರಟ್ಟಿನ ಮೂಲೆಗೆ ಅಂಟಿಸುವ ಚರ್ಮದ ಅಂಚನ್ನು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಹೆರೆಯದಿದ್ದರೆ ಅಲ್ಲೊಂದು ದಪ್ಪ ಏಣು ಕಾಣುತ್ತದೆ. ಹಾಗೆ ಹೆರೆಯಲು ಅವರಿಗೆ ಆ ಒಂದೇ ಚಾಕು. ಬೇರೆ ಮೂರನ್ನು ಕೊಂಡು ತಂದು, ಮೂರನ್ನೂ ಅಡುಗೆಮನೆಗೆ ದಾನ ಮಾಡಿದ್ದರು.

ಅಂಥ ಚಾಕುವನ್ನು ಅದೇ ಮನೆಯಲ್ಲಿದ್ದ ಕಿರಿಯ ಅಳಿಯ ಕೇಳದೆ ಎತ್ತಿಕೊಂಡಿದ್ದ.

ಕೆಟ್ಟ ಉದ್ದೇಶವೇನೂ ಇರಲಿಲ್ಲ. ಮಾವನ ಬಲಗಣ್ಣಿನ ಪೊರೆ ತೆಗೆಸಿ, ಆಸ್ಪತ್ರೆಗೆ ಹತ್ತಿರವೆಂದು ಹಿರಿಯ ಮಗಳ ಮನೆಯಲ್ಲಿ ಒಂದು ವಾರ ಬಿಟ್ಟಿದ್ದರು. ಹೊರಡುವ ಗಡಿಬಿಡಿಯಲ್ಲಿ ಒರೆಸದೆ ಬಿಟ್ಟ ಅಂಟಿಗೋ, ಮುಚ್ಚಿದ ಕೋಣೆಯ ತೇವಕ್ಕೋ, ಚಾಕುವಿನ ಮೈತುಂಬ ತುಕ್ಕು ಹತ್ತಿತ್ತು. ಅಳಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು. ತುಕ್ಕು ಕಂಡರೆ ಸುಮ್ಮನಿರುವ ಜಾತಿಯಲ್ಲ. ಹೊಸ ಕಣ್ಣಿಗೆ ಚಾಕುವೂ ಹೊಸದಾಗಿ ಕಾಣಲಿ ಎಂದುಕೊಂಡ.

ಮೂರು ಮಧ್ಯಾಹ್ನ ಕೂತು ಉಜ್ಜಿದ. ಹಿಡಿಗೆ ಸುತ್ತಿದ್ದ ಬಟ್ಟೆಪಟ್ಟಿ ಬಿಚ್ಚಿ, ಸೀಮೆಎಣ್ಣೆಯಲ್ಲಿ ತುಕ್ಕು ನೆನೆಸಿ, ಒರಟು ಎಮರಿ ಕಾಗದದಿಂದ ಶುರುಮಾಡಿ ನಯವಾದದ್ದಕ್ಕೆ ಬಂದ. ಒಂದು ಕಾಗದದಲ್ಲಿ ಉದ್ದಕ್ಕೆ ಉಜ್ಜಿದರೆ ಮುಂದಿನದರಲ್ಲಿ ಅಡ್ಡಕ್ಕೆ. ಹಿಂದಿನ ಗೀರು ಒಂದೂ ಉಳಿಯದಿದ್ದರೆ ಮಾತ್ರ ಮುಂದಿನ ಕಾಗದ. ಕೊನೆಗೆ ಪಾಲಿಶ್ ಹಚ್ಚಿದ ಉಣ್ಣೆಬಟ್ಟೆ. ಮೂರನೆಯ ದಿನ ಅಲಗಿನಲ್ಲಿ ಅವನ ಮೂಗಿನ ಪಕ್ಕದ ಮಚ್ಚೆ ಕಂಡಿತು.

ಅಲ್ಲಿಗೆ ನಿಲ್ಲಿಸಿದ್ದರೆ ಕಥೆಯೇ ಇರುತ್ತಿರಲಿಲ್ಲ. ಹೊಳೆಯುವ ಉಕ್ಕಿಗೆ ಮತ್ತೆ ತುಕ್ಕು ಬಾರದಿರಲಿ, ನೋಡಲೂ ಚೆಂದವಿರಲಿ ಎಂದು ನೀಲಿಯೇರಿಸಲು ಹೊರಟ. ಬೆರಳಿನ ಜಿಡ್ಡು ಉಳಿದರೆ ಬಣ್ಣದಲ್ಲಿ ಕಲೆ ಬೀಳುತ್ತದೆಂದು ಸ್ಪಿರಿಟ್ಟಿನಿಂದ ಒರೆಸಿದ. ಬಾಣಲೆಯಲ್ಲಿ ಸಣ್ಣ ಮರಳು ಸುರಿದು, ಕಾಯಿಸಿ, ಮರಳಿನ ಮೇಲೆ ಚಾಕುವನ್ನು ಮಲಗಿಸಿದ. ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ. ನೇರಳೆ ಹೋಗಿ ಅಚ್ಚ ನೀಲಿ ಹರಡಿದ ಗಳಿಗೆಯಲ್ಲೇ ಇಕ್ಕಳದಿಂದೆತ್ತಿ ಎಣ್ಣೆಗೆ ಅದ್ದಿದ. ಒಂದೂ ಕಲೆಯಿಲ್ಲ. ಅವನಿಗೆ ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳಬೇಕೆನಿಸಿತು.

ಎಣ್ಣೆ ಒರೆಸುತ್ತಿದ್ದಾಗ, ಎಷ್ಟು ಕಾವಿಗೆ ಯಾವ ಬಣ್ಣವೆಂದು ಸುಮ್ಮನೆ ಮನಸ್ಸಿನಲ್ಲೇ ಹೇಳಿಕೊಂಡ. ತರಗತಿಯಲ್ಲಿ ಹನ್ನೆರಡು ವರ್ಷದಿಂದ ಬರೆಸುತ್ತಿದ್ದ ಪಟ್ಟಿ ಅದು. ಮೊದಲ ಸಾಲಿನಲ್ಲಿ ಕಾವು, ಎರಡನೆಯದರಲ್ಲಿ ಬಣ್ಣ, ಮೂರನೆಯದರಲ್ಲಿ...

ಕೈ ಅಲ್ಲೇ ನಿಂತಿತು. ಮೂರನೆಯ ಸಾಲಿನಲ್ಲಿ ಗಡಸುತನ. ಹುಲ್ಲಿನ ಹಳದಿಗೆ ಕ್ಷೌರದ ಕತ್ತಿ, ನೀಲಿಗೆ ಸ್ಪ್ರಿಂಗು. ನೀಲಿಯೇರಿದ ಉಕ್ಕು ಬಾಗುತ್ತದೆಯೇ ಹೊರತು ಹರಿತ ಹಿಡಿದು ನಿಲ್ಲುವುದಿಲ್ಲ. ಪಟ್ಟಿಯ ಎರಡು ಸಾಲು ನೆನಪಿಟ್ಟು ಮೂರನೆಯದನ್ನು ಮರೆತು, ನಲವತ್ತು ವರ್ಷದ ಚಾಕುವನ್ನು ಅವನು ಬಾಣಲೆಗೆ ಹಾಕಿದ್ದ.

ಬಾಗಿಲ ಹೊರಗೆ ಗಾಡಿ ನಿಂತ ಸದ್ದಾಯಿತು. ಹೆಂಡತಿ ಅಪ್ಪನನ್ನು ಕರೆತಂದಿದ್ದಳು.

ಕಪ್ಪು ಕನ್ನಡಕ ಹಾಕಿಕೊಂಡ ಮಾವ ಒಳಗೆ ಬಂದವರೇ ಅಳಿಯನನ್ನು ನೋಡಿದರು. “ಏನ್ ಮೇಷ್ಟ್ರೇ, ಮುಖ ಯಾಕೆ ಹಂಗಿದೆ? ಆಪರೇಷನ್ ಆಗಿದ್ದು ನನಗೋ ನಿಮಗೋ?”

“ರೀ, ನನ್ನ ಬಾಣಲೇಲಿ ಮರಳು ಯಾಕಿದೆ?” ಹೆಂಡತಿ ಅಡುಗೆಮನೆಯಿಂದ ಕೂಗಿದಳು.

ಚಾಕುವನ್ನು ಬಚ್ಚಿಟ್ಟು, ಕಳೆದುಹೋಯಿತು ಎನ್ನಬಹುದಿತ್ತು. ಆ ಯೋಚನೆ ಬಂದೂ ಹೋಯಿತು. ಅಳಿಯ ಬಟ್ಟೆಯ ಸಮೇತ ಚಾಕುವನ್ನು ಮುಂದೆ ಹಿಡಿದ.

“ಮಾವ, ನಿಮ್ಮ ಚಾಕು ಹಾಳು ಮಾಡ್ಬಿಟ್ಟೆ. ಕೇಳ್ದೆ ತಗೊಂಡೆ. ತುಕ್ಕು ತೆಗೆದು, ಚೆಂದ ಕಾಣ್ಲಿ ಅಂತ ಕಾಯಿಸಿ ನೀಲಿ ಮಾಡ್ದೆ. ಅಷ್ಟು ಕಾಯಿಸಿದ್ರೆ ಉಕ್ಕಿನ ಹದ ಇಳಿಯುತ್ತೆ. ಅದು ನೆನಪಾಗಿದ್ದು ಈಗ, ಕಾಯಿಸಿ ಆದಮೇಲೆ. ಇನ್ನು ಅದು ಹೆರೆಯಲ್ಲ.”

ಹೆಂಡತಿ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. “ಅಯ್ಯೋ! ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರೆ. ನಿಮ್ಮದು ಪೂರ್ತಿ ಓದೇ ಆಗೋಯ್ತಲ್ರೀ.”

ಮಾವ ಚಾಕು ತೆಗೆದುಕೊಂಡರು. ಕುರ್ಚಿಯಲ್ಲಿ ಕೂತು ಕನ್ನಡಕ ತೆಗೆದು, ಅಲಗನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬಲಗಣ್ಣು ಮುಚ್ಚಿ ನೋಡಿದರು. ಎಡಗಣ್ಣು ಮುಚ್ಚಿ ನೋಡಿದರು. ಮತ್ತೆ ಬಲಗಣ್ಣು.

“ಹಳೇ ಕಣ್ಣಿಗೆ ಮಣ್ಣಿನ ಬಣ್ಣ,” ಎಂದರು ನಿಧಾನವಾಗಿ. “ಹೊಸ ಕಣ್ಣಿಗೆ ನೀಲಿ. ಇಂಥ ನೀಲಿ ನೋಡಿ ಎಷ್ಟು ವರ್ಷ ಆಯ್ತೋ.”

ಅದು ಕ್ಷಮೆಯೋ ಬೈಗುಳದ ಪೀಠಿಕೆಯೋ ಅಳಿಯನಿಗೆ ತಿಳಿಯಲಿಲ್ಲ.

“ಸಾಣೆಕಲ್ಲು ತನ್ನಿ.”

“ಅಪ್ಪಾ, ಬಗ್ಗಬಾರ್ದು ಅಂದಿದಾರೆ ಡಾಕ್ಟ್ರು!”

“ನಾನೆಲ್ಲಿ ಬಗ್ತೀನಮ್ಮ? ಕೆಡಿಸಿದವರೇ ಮಸೀಲಿ.”

ಅಳಿಯ ನೆಲದ ಮೇಲೆ ಕೂತು, ಕಲ್ಲಿಗೆ ನೀರು ಚಿಮುಕಿಸಿ ಮಸೆಯತೊಡಗಿದ. “ಚಾಕು ಬೆನ್ನು ಎತ್ತಬೇಡಿ. ಮಲಗಿಸಿ. ಮಗು ಮಲಗ್ಸೋ ಹಾಗೆ,” ಎಂದು ಹೇಳುತ್ತ ಮಾವ ಎರಡೂ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವರ ಹುಬ್ಬು ಸಡಿಲವಾಯಿತು.

“ಮೆತ್ತಗಾಗಿಲ್ಲ ಕಣ್ರೀ ಇದು. ಮೆತ್ತಗಾಗಿದ್ರೆ ಕಲ್ಲು ಹಿಡ್ಕೊಂಡು ಗೊರಗೊರ ಅಂತಿತ್ತು. ಸುಂಯ್ ಅಂತಿದೆ, ಕೇಳಿ.”

ಅಳಿಯನಿಗೆ ಸುಂಯ್ ಯಾವುದು, ಗೊರಗೊರ ಯಾವುದು ತಿಳಿಯಲಿಲ್ಲ. ಕಿವಿಯ ಮೇಲೆ ಅವನಿಗೆ ನಂಬಿಕೆಯೂ ಇರಲಿಲ್ಲ. “ಮೆತ್ತಗಾಗಲೇಬೇಕು ಮಾವ. ಪಟ್ಟಿಯಲ್ಲಿ ಹಾಗೇ ಇದೆ.”

“ಪಟ್ಟಿಗೆ ಈ ಚಾಕು ಗೊತ್ತಾ? ಇದು ಅಂಗಡೀದಲ್ಲ. ಎದುರುಗಡೆ ಕಾರ್ಖಾನೇಲಿ ಕಬ್ಬಿಣದ ತೊಲೆ ಕೊಯ್ಯೋ ಮೆಷಿನ್ ಇತ್ತು. ಅದರ ಗರಗಸ ಮುರಿದಾಗ ಫಿಟ್ಟರ್ ಒಂದು ತುಂಡು ಕೊಟ್ಟ. ಆರು ದಿನ ಸಾಣೆ ಚಕ್ರಕ್ಕೆ ಹಿಡಿದು ಮಾಡಿದೆ. ತುದಿ ನೀಲಿ ಆಗಿದ್ದು ಎಷ್ಟು ಸಲವೋ. ಆರಿದ ಮೇಲೆ ಮತ್ತೆ ಅದೇ ಗಡಸು.”

ಅಳಿಯನ ಕೈ ಕಲ್ಲಿನ ಮೇಲೆಯೇ ನಿಂತಿತು. ಕಬ್ಬಿಣ ಕೊಯ್ಯುವ ಮೆಷಿನ್ನಿನ ಗರಗಸ! ಅಂದರೆ ಟಂಗ್‌ಸ್ಟನ್ ಬೆರೆಸಿದ ಉಕ್ಕು. ಕೆಲಸದಲ್ಲಿ ಕೆಂಪಗೆ ಕಾದರೂ ಗಡಸು ಬಿಡದಿರಲೆಂದೇ ಮಾಡಿದ್ದು. ಅವನ ಬಾಣಲೆಯ ಕಾವು ಅದಕ್ಕೆ ಎಳೆಬಿಸಿಲಿದ್ದಂತೆ. ಅವನು ಬರೆಸುತ್ತಿದ್ದ ಪಟ್ಟಿ ಸಾದಾ ಉಕ್ಕಿನದು. ಉಜ್ಜಲು ಮೂರು ಮಧ್ಯಾಹ್ನ ಹಿಡಿದದ್ದೂ ಸುಮ್ಮನಲ್ಲ. ಹೋದ ಜೀವ ಬಂದಂತಾಗಿ, ಅವನು ಗೋಡೆಗೆ ಒರಗಿ ನಗಲು ಶುರುಮಾಡಿದ.

“ನಗೋದು ಆಮೇಲೆ,” ಎಂದರು ಮಾವ. “ಅಲ್ಲಿರೋ ಚರ್ಮದ ಚೂರು ತಗೊಂಡು ಹೆರೀರಿ. ನಾನೂ ಕಣ್ಣಾರೆ ನೋಡ್ಬೇಕಲ್ಲ.”

“ನಾನಾ?”

“ಮತ್ತಿನ್ಯಾರು? ನನ್ನನ್ನ ಬಗ್ಗೋಕೆ ಇವಳು ಬಿಡ್ತಾಳಾ?”

ಅಳಿಯ ಚರ್ಮದ ಚೂರನ್ನು ಹೆರೆಯುವ ಚಪ್ಪಟೆ ಕಲ್ಲಿನ ಮೇಲೆ ಹರವಿ ಚಾಕು ತಳ್ಳಿದ. ತೆಳ್ಳನೆಯ ಸುರುಳಿ ಎದ್ದು ಪಕ್ಕಕ್ಕೆ ಬಿತ್ತು. ಇನ್ನೊಂದು, ಮತ್ತೊಂದು. ಹದವಿಳಿದ ಅಲಗಾಗಿದ್ದರೆ ನಾಲ್ಕನೆಯದಕ್ಕೆ ತಡವರಿಸಬೇಕಿತ್ತು. ಅವನು ಎಣಿಸುತ್ತ ಹೋದ. ಹದಿನಾಲ್ಕನೆಯ ಸುರುಳಿಯೂ ಮೊದಲಿನದರಂತೆಯೇ ಎದ್ದಿತು. ಹದಿನೈದಕ್ಕೆ ಅವನ ಮಣಿಕಟ್ಟು ತಿರುಗಿ, ಚಾಕು ಚರ್ಮದ ಆಚೆ ಹೊರಬಂತು. ಚೂರಿನ ನಡುವೆ ಹೆಬ್ಬೆರಳು ತೂರುವಷ್ಟು ತೂತು.

ಮಾವ ತೂತನ್ನು ಹೊಸ ಕಣ್ಣಿನಿಂದ ಕೂಲಂಕಷವಾಗಿ ಪರೀಕ್ಷಿಸಿದರು.

“ಚಾಕು ಚೆನ್ನಾಗಿದೆ,” ಎಂದರು. “ಕೈ ಕೆಟ್ಟಿದೆ. ಇನ್ನೊಂದು ಚೂರು ತಗೊಳ್ಳಿ, ಮಣಿಕಟ್ಟು ತಿರುಗಿಸ್ಬೇಡಿ.”

ಅಳಿಯ ಇನ್ನೊಂದು ಚೂರು ತೆಗೆದುಕೊಂಡ. ಒಳಗೆ ಹೆಂಡತಿ ಬಾಣಲೆಯ ಮರಳನ್ನು ಬಕೆಟ್ಟಿಗೆ ಸುರಿಯುತ್ತ ಗೊಣಗುತ್ತಿದ್ದಳು. ಅದನ್ನು ಕೇಳಲೂ ಅವನಿಗೆ ಹಿತವಾಗಿತ್ತು.