ನಲವತ್ತಮೂರು ದಿನಗಳ ಗಾಯ

ಹೇಳಿಬಿಡಲೇ, ಇನ್ನೊಂದು ವಾರ ನೋಡಲೇ? ಸುಟ್ಟ ಗಾಯ ತಾನೆ, ಅಡುಗೆಮನೆಯಲ್ಲಿ ಯಾರಿಗೆ ಆಗುವುದಿಲ್ಲ? ಹೇಳಿದರೆ ರೋಸೆಂದೋ ನಾಳೆ ರಕ್ತಪರೀಕ್ಷೆಗೆ ಹೋಗುತ್ತಾನೆ. ಏನಾದರೂ ಸಿಕ್ಕಿದರೆ ಡಾಕ್ಟರು ಬೆಂಕಿಯಿಂದ ದೂರ ಇರು ಎನ್ನುತ್ತಾರೆ. ಆಮೇಲೆ ಶನಿವಾರ ಕಾವಲಿಯ ಮುಂದೆ ನಿಲ್ಲುವವರು ಯಾರು?

ಕೆಂಪರಾಜು ಜೇಬಿನಲ್ಲಿದ್ದ ಸಕ್ಕರೆ ಕಾಯಿಲೆ ಪರೀಕ್ಷೆಯ ಕರಪತ್ರವನ್ನು ಮುಟ್ಟಿ ನೋಡಿಕೊಂಡ. ಅದು ಅಲ್ಲಿ ಐದು ದಿನದಿಂದ ಇತ್ತು.

ಅಮೆರಿಕದ ಸನ್ನಿವೇಲಿನ ಒಂದು ದೋಸೆ ಹೋಟೆಲಿಗೆ ಮಂಡ್ಯದ ಕೆಂಪರಾಜು ಮುಖ್ಯ ಅಡುಗೆಯವನು. ದೋಸೆ ಹುಯ್ಯುವವನು ಮೆಕ್ಸಿಕೋದ ರೋಸೆಂದೋ. ಅದು 1999. ಶನಿವಾರ, ಭಾನುವಾರ ಇಂಜಿನಿಯರುಗಳ ಸಾಲು ಬಾಗಿಲು ದಾಟಿ ಪಾರ್ಕಿಂಗ್ ಜಾಗದವರೆಗೆ ಬೆಳೆಯುತ್ತಿತ್ತು. ಊರ ದೋಸೆಯ ಹಾಗೇ ಇದೆ ಎಂದು ಹೊಗಳುತ್ತಿದ್ದವರಲ್ಲಿ ಹೆಚ್ಚಿನವರಿಗೆ ಅದು ಯಾರ ಕೈಯ ದೋಸೆ ಎಂದು ತಿಳಿದಿರಲಿಲ್ಲ. ನಾಲ್ಕು ವರ್ಷ ಕೆಂಪರಾಜುವಿನ ಪಕ್ಕದಲ್ಲಿ ನಿಂತು ರೋಸೆಂದೋ ದೋಸೆಯ ಜೊತೆಗೆ ಮಂಡ್ಯದ ಕನ್ನಡವನ್ನೂ ಕಲಿತಿದ್ದ.

ಕಾವಲಿಯ ಅಂಚು ತಗುಲಿ ಅವನ ಮುಂಗೈ ಸುಟ್ಟಿತ್ತು. ಆರು ವಾರವಾದರೂ ಗಾಯ ಒಣಗಿರಲಿಲ್ಲ. ನೀರು ಕುಡಿದಷ್ಟೂ ಬಾಯಾರಿಕೆ, ಗಂಟೆಗೊಮ್ಮೆ ಬಚ್ಚಲಿಗೆ ಓಟ, ಮಧ್ಯಾಹ್ನವಾದರೆ ಗೋಡೆಗೆ ಒರಗುವಷ್ಟು ಸುಸ್ತು. ಸುಸ್ತು ಎಂದಾಗಲೆಲ್ಲ ಕೆಂಪರಾಜು ಮೂರು ಚಮಚ ಸಕ್ಕರೆ ಹಾಕಿ ಕಾಫಿ ಕೊಡುತ್ತಿದ್ದ. ಅದು ಅವನ ಪ್ರೀತಿ.

ಭಾನುವಾರದ ಗಲಾಟೆ ಇಳಿದ ಮೇಲೆ ಗಾರ್ಗಿ ಬಂದಳು. ಮೈಸೂರಿನ ಹುಡುಗಿ, ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಜನರ ಆರೋಗ್ಯದ ವಿಷಯ ಓದುತ್ತಿದ್ದಳು. ಕರಪತ್ರ ಕೊಟ್ಟವಳು ಅವಳೇ. ರೋಸೆಂದೋಗೆ ಹೇಳಿದಿರಾ ಎಂದು ಕೇಳಿದಳು. ಕೆಂಪರಾಜುವಿಗೆ ಬೇರೆ ದಾರಿ ಉಳಿಯಲಿಲ್ಲ. ಕರಪತ್ರ ತೆಗೆದು ರೋಸೆಂದೋನ ಕೈಗಿಟ್ಟ.

ರೋಸೆಂದೋ ಓದಿ ಮಡಿಚಿ ವಾಪಸು ಕೊಟ್ಟ.

"ಬ್ಯಾಡ ಕೆಂಪಣ್ಣ. ಎರಡು ವರ್ಸದ ಹಿಂದೆ ಯಾರೋ ಬಂದಿದ್ರು. ರಕ್ತ ತಗೊಂಡ್ರು, ವೋದ್ರು. ನನ್ ರಕ್ತ ಏನ್ ಹೇಳ್ತು ಅಂತ ನಂಗೇ ಗೊತ್ತಿಲ್ಲ."

"ಅವ್ನು ಹೇಳೋದು ದಿಟ ಕಣವ್ವಾ," ಎಂದ ಕೆಂಪರಾಜು. "ನಿಮ್ಗೆ ಓದೋಕೆ ಇವ್ರ ರಕ್ತ ಬೇಕು. ಇವ್ರಿಗೇನು ಸಿಗ್ತದೆ?"

"ನಮ್ ಸ್ಟಡಿಗೆ ಬೇಕು, ಸುಳ್ಳು ಹೇಳಲ್ಲ," ಎಂದಳು ಗಾರ್ಗಿ. "ಆದ್ರೆ ಈ ಸಲ ರೂಲ್ಸು ನಮ್ದಲ್ಲ, ಕೊನ್ಸುವೆಲೋ ಅವ್ರದ್ದು."

ಕೊನ್ಸುವೆಲೋ ಎಂದರೆ ಅಲ್ಲಿನ ಸ್ಪ್ಯಾನಿಷ್ ಮಾತಾಡುವ ಲ್ಯಾಟಿನೋ ಮಹಿಳೆಯರ ಸಂಘದ ಹಿರಿಯಳು. ಮೊದಲು ವಿಶ್ವವಿದ್ಯಾಲಯದವರು ಮಂಗಳವಾರ ಹತ್ತು ಗಂಟೆಗೆ ಲ್ಯಾಬಿಗೆ ಬನ್ನಿ ಎಂದಿದ್ದರಂತೆ. ಅಲ್ಲಿಗೆ ಹೋಗುವುದೆಂದರೆ ಎರಡು ಟ್ರೇನು, ಒಂದು ಬಸ್ಸು, ಒಂದು ದಿನದ ಕೂಲಿ ಎಂದು ಕೊನ್ಸುವೆಲೋ ಮೀಟಿಂಗಿನಲ್ಲೇ ನಕ್ಕುಬಿಟ್ಟಳಂತೆ. ಹಾಗಾಗಿ ಹೋಟೆಲುಗಳಿಗೆ ರಜೆ ಇರುವ ಸೋಮವಾರ, ಬೆಳಿಗ್ಗೆ ಏಳಕ್ಕೆ, ಸ್ಟೇಷನ್ನಿನ ಹಿಂದಿನ ಚರ್ಚಿನ ಹಾಲಿನಲ್ಲಿ ಎಂದು ತೀರ್ಮಾನವಾಯಿತು. ಫಲಿತಾಂಶ ಅಲ್ಲೇ, ಆಗಲೇ, ಸ್ಪ್ಯಾನಿಷಿನಲ್ಲಿ ಹೇಳಬೇಕು. ಚೀಟಿ ಅವರವರ ಕೈಯಲ್ಲೇ ಇರಬೇಕು. ಸಕ್ಕರೆ ಹೆಚ್ಚಿದ್ದವರ ಜೊತೆ ಸಂಘದ ಹೆಂಗಸೊಬ್ಬಳು ಕ್ಲಿನಿಕ್ಕಿನವರೆಗೆ ಹೋಗುತ್ತಾಳೆ. ಎಲ್ಲರ ಲೆಕ್ಕ ಸೇರಿಸಿ ಏನು ತಿಳಿಯಿತು ಎಂಬುದನ್ನು, ಯಾರ ಹೆಸರೂ ಹೇಳದೆ, ಮೊದಲು ಆ ಹಾಲಿನಲ್ಲೇ ಓದಬೇಕು. ಆಮೇಲಷ್ಟೇ ಅದನ್ನು ಬರ್ಕ್ಲಿಯವರು ಬರೆದುಕೊಳ್ಳಬಹುದು.

"ವೀಸಾ, ಪೇಪರು ಗೀಪರು ಯಾರೂ ಕೇಳಲ್ಲ," ಎಂದಳು ಗಾರ್ಗಿ. "ರಾತ್ರಿ ಊಟ ಆದ್ಮೇಲೆ ಏನೂ ತಿನ್ದೆ ಬನ್ನಿ. ಕಾಫಿನೂ ಬೇಡ."

ರೋಸೆಂದೋ ಕೆಂಪರಾಜುವಿನ ಮುಖ ನೋಡಿದ. "ನೀ ಬತ್ತೀಯಾ?"

ಬರುತ್ತೇನೆ ಎಂದ ಕೆಂಪರಾಜು.

ಸೋಮವಾರ ಬೆಳಿಗ್ಗೆ ಚರ್ಚಿನ ಹಾಲಿನಲ್ಲಿ ಅರವತ್ತು ಜನ ಸೇರಿದ್ದರು. ಅವರ ಸರದಿ ಬಂದಾಗ ರೋಸೆಂದೋ ಕೈ ಹಿಂದಕ್ಕೆಳೆದುಕೊಂಡ.

"ಮೊದ್ಲು ನೀ ಚುಚ್ಚಿಸ್ಕೊ ಕೆಂಪಣ್ಣ. ದೋಸೆ ಹೇಳ್ಕೊಡುವಾಗ್ಲೂ ಮೊದ್ಲು ನೀನೇ ಹುಯ್ದಿದ್ದು."

ಕೆಂಪರಾಜು ಬೆರಳು ಚಾಚಿದ. ರಕ್ತದ ಸಕ್ಕರೆ ನೂರ ಹದಿನೆಂಟು. ಅಂಚಿನಲ್ಲಿದೆ, ಸಕ್ಕರೆ ಕಡಿಮೆ ಮಾಡಿ, ನಡೆಯಿರಿ ಎಂದಳು ಗಾರ್ಗಿ. ರೋಸೆಂದೋನದು ಇನ್ನೂರ ನಲವತ್ತಮೂರು. ಅವನು ಚೀಟಿಯನ್ನೇ ನೋಡುತ್ತ ಕುಳಿತ.

ಕೊನ್ಸುವೆಲೋ ಬಂದು ಅವನ ಮುಂಗೈ ಹಿಡಿದು ಗಾಯಕ್ಕೆ ಕಟ್ಟಿದ್ದ ಬಟ್ಟೆ ಬಿಚ್ಚಿದಳು. ಎಷ್ಟು ದಿನವಾಯಿತು ಎಂದು ಸ್ಪ್ಯಾನಿಷಿನಲ್ಲಿ ಕೇಳಿದಳು. ನಲವತ್ತಮೂರು ದಿನ ಎಂದ. ಅವಳು ಇನ್ನೇನೋ ಕೇಳಿದಳು. ಗಾರ್ಗಿ ಅದನ್ನು ಕೆಂಪರಾಜುವಿಗೆ ಮೆಲ್ಲಗೆ ಕನ್ನಡದಲ್ಲಿ ಹೇಳಿದಳು:

"ನಿಮ್ ಅಡುಗೆಮನೇಲಿ ಯಾರೂ ನೋಡ್ಲಿಲ್ವಾ ಅಂತ ಕೇಳ್ತಿದಾರೆ."

ಕೆಂಪರಾಜು ಬಾಯಿ ತೆರೆಯುವ ಮೊದಲೇ ರೋಸೆಂದೋ ಉತ್ತರಿಸಿದ್ದ. ನೋಡಿದವನು ಈ ನನ್ನಣ್ಣನೇ, ಇಲ್ಲಿಗೆ ಕರೆತಂದವನೂ ಅವನೇ ಎಂದು. ಕೊನ್ಸುವೆಲೋ ಕೆಂಪರಾಜುವಿನ ಭುಜ ತಟ್ಟಿದಳು.

ಅದೇ ದಿನ ಅವಳು ರೋಸೆಂದೋನನ್ನು ಕ್ಲಿನಿಕ್ಕಿಗೆ ಕರೆದೊಯ್ದಳು. ಗಾಯ ಇನ್ನೂ ಸ್ವಲ್ಪ ಆಳಕ್ಕೆ ಇಳಿದಿದ್ದರೆ ಕೈಗೇ ಕುತ್ತು ಬರುತ್ತಿತ್ತು ಎಂದರು ಡಾಕ್ಟರು. ಮಾತ್ರೆ, ಪಥ್ಯ, ಮೂರು ವಾರ ಬೆಂಕಿಯಿಂದ ದೂರ. ಆ ಶನಿವಾರ ಕಾವಲಿಯ ಮುಂದೆ ಕೆಂಪರಾಜುವೇ ನಿಂತ. ದೋಸೆಗಳು ಸೊಟ್ಟಗಾದವು, ಸಾಲು ಗೊಣಗಿತು. ಅದರಿಂದ ಯಾರೂ ಸಾಯಲಿಲ್ಲ. ನಾಲ್ಕನೆಯ ವಾರ ಗಾಯ ಒಣಗಿತು. ಮುಂದಿನ ಪರೀಕ್ಷೆಯ ದಿನ ರೋಸೆಂದೋ ಹೆಂಡತಿಯನ್ನೂ ನಾದಿನಿಯನ್ನೂ ಕರೆದುಕೊಂಡು ಬಂದ.

ಇದನ್ನು ಓದುತ್ತಿರುವವರೇ, ನಿಮ್ಮ ಪಕ್ಕದಲ್ಲಿ ದುಡಿಯುವವರ ಗಾಯ ಎರಡು ವಾರವಾದರೂ ಒಣಗದಿದ್ದರೆ, ಅವರಿಗೆ ಬಾಯಾರಿಕೆ ತೀರದಿದ್ದರೆ, ಸುಮ್ಮನಿರಬೇಡಿ. ಅವರ ಭಾಷೆ ಯಾವುದಾದರೂ ಆಗಲಿ, ಜೊತೆಗೆ ಹೋಗಿ, ನೀವೂ ಬೆರಳು ಚಾಚಿ. ರಕ್ತ ತೆಗೆಯುವವರನ್ನು ಫಲಿತಾಂಶ ನಮಗೆ ಯಾವಾಗ ತಿಳಿಸುತ್ತೀರಿ ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು. ಮುಖ್ಯವಾಗಿ, ಕಂಡದ್ದನ್ನು ಕಂಡ ದಿನವೇ ಹೇಳಿ.

ಹಿಂದೊಮ್ಮೆ ಊರಿನಲ್ಲಿ ಕೆಂಪರಾಜುವಿನ ಅಣ್ಣನ ಕಾಲು ಆಲೆಮನೆಯಲ್ಲಿ ಬೆಲ್ಲದ ಪಾಕ ಬಿದ್ದು ಸುಟ್ಟಿತ್ತು. ಆ ಗಾಯವೂ ಹೀಗೇ ಒಣಗದೆ ಉಳಿದು, ಸಕ್ಕರೆ ಕಾಯಿಲೆ ಎಂದು ತಿಳಿಯುವಷ್ಟರಲ್ಲಿ ಪಾದ ತೆಗೆಯಬೇಕಾಯಿತು. ರೋಸೆಂದೋನ ಗಾಯ ಎಂಥದ್ದೆಂದು ಕೆಂಪರಾಜುವಿಗೆ ಎರಡನೆಯ ವಾರವೇ ಗುರುತು ಸಿಕ್ಕಿತ್ತು. ಅದನ್ನು ಅವನು ರೋಸೆಂದೋಗೆ ಎಂದೂ ಹೇಳಲಿಲ್ಲ.