ಬಿಳಿ ಜಾಗದ ಬೊಟ್ಟು

ಮೇಜಿನ ಮೇಲಿದ್ದ ಹಾಳೆಯಲ್ಲಿ ನೋಡುವಂಥದ್ದು ಹೆಚ್ಚೇನೂ ಇರಲಿಲ್ಲ. ಕೆಳಗಿನ ಮೂಲೆಯಲ್ಲಿ ಕಪ್ಪು ಮಸಿಯ ಒಂದು ದಪ್ಪ ಗೀಟು, ಪಕ್ಕದಲ್ಲಿ ಒದ್ದೆ ಕುಂಚ ಜಾರಿದಂತೆ ಬೂದು ಕಲೆ. ಉಳಿದದ್ದೆಲ್ಲ ಬಿಳಿ.

"ಇದೆಂಥದು ಮಾರಾಯ್ತಿ, ಇಷ್ಟು ದೊಡ್ಡ ಕಾಗದ ದಂಡ ಮಾಡಿದ್ದಿ?" ವಾರಿಜಾ ಕೇಳಿದಳು.

"ಚೀನಾದ ತುಂಬಾ ಹಳೇ ಕವಿತೆ, ಆಂಟಿ. ಬೆಟ್ಟದಲ್ಲಿ ಒಬ್ಬ ಚಹಾ ಇಟ್ಟು ಫ್ರೆಂಡ್‌ಗೆ ವೇಟ್ ಮಾಡ್ತಿದ್ದಾನೆ. ಈ ಗೀಟು ಅವನು."

"ಫ್ರೆಂಡ್ ಎಲ್ಲಿ?"

"ಆಯಾ ಹೀ ನಹೀಂ, ಬರಲೇ ಇಲ್ಲ. ಈ ಖಾಲಿ ಇದೆಯಲ್ಲ, ಅದೇ."

"ಬಂದಿದ್ರೂ ಪಾಪ, ಕೂರ್ಲಿಕ್ಕೆ ಒಂದು ಸ್ಟೂಲಾದ್ರೂ ಉಂಟಾ?"

ಯಕ್ಷಿತಾ ಬಿದ್ದು ಬಿದ್ದು ನಕ್ಕಳು. ಪುಣೆಯಲ್ಲಿ ಬೆಳೆದ ಹುಡುಗಿ. ತನ್ನ ಗಂಡ ಮೋನಪ್ಪ ತೀರಿಕೊಂಡ ಮೇಲೆ ವಾರಿಜಾ ಮುಂಬೈ ಸಯನ್ನಿನ ಈ ಫ್ಲ್ಯಾಟಿನ ಒಳಕೋಣೆಯನ್ನು ಅವಳಿಗೆ ಬಾಡಿಗೆಗೆ ಕೊಟ್ಟಿದ್ದಳು. ಈಗ ಹುಡುಗಿ ತಿಂಗಳ ಕೊನೆಗೆ ಗೆಳತಿಯರ ಜೊತೆ ಇರಲು ಅಂಧೇರಿಗೆ ಹೊರಟಿದ್ದಳು. ಹೋಗಬೇಡ ಅನ್ನಬೇಕು, ಬಾಲ್ಕನಿಯೂ ನಿನಗೇ ಇರಲಿ, ಎಷ್ಟು ಮಸಿ ಬೇಕಾದರೂ ಚೆಲ್ಲು ಅನ್ನಬೇಕು. ಆಯುಧಪೂಜೆಯ ಊಟಕ್ಕೆ ಕೂತಾಗ ಹೇಳುವುದೆಂದು ವಾರಿಜಾ ನಿಶ್ಚಯಿಸಿದ್ದಳು.

ಮೋನಪ್ಪ ಬೈಕುಲ್ಲಾದ ಹೋಟೆಲಿನಲ್ಲಿ ಗಲ್ಲಾ ನೋಡಿಕೊಳ್ಳುತ್ತಿದ್ದವನು. ಆಯುಧಪೂಜೆಯ ದಿನ ಅಲ್ಲಿ ಗ್ರೈಂಡರಿನಿಂದ ಗೋಡೆ ಗಡಿಯಾರದವರೆಗೆ ಯಾವುದನ್ನೂ ಬಿಡದೆ ಗಂಧ ಕುಂಕುಮ ಇಡುತ್ತಿದ್ದ. ದುಡಿಯುವ ವಸ್ತುವಿಗೆ ಭೇದ ಮಾಡಬಾರದು ಅನ್ನುತ್ತಿದ್ದ. ಈ ವರ್ಷ ಬೆಳಗ್ಗೆ ಯಕ್ಷಿತಾ ಹೊರಗೆ ಹೋಗಿದ್ದಾಗ ವಾರಿಜಾ ಮಿಕ್ಸಿ, ಫ್ರಿಜ್ಜು, ಹೊಲಿಗೆ ಯಂತ್ರ ಎಲ್ಲ ಮುಗಿಸಿ ಒಳಕೋಣೆಗೆ ಬಂದಳು. ಕುಂಚಗಳಿಗೆ ಇಟ್ಟಳು. ಮಸಿ ಬಾಟಲಿಗೆ ಇಟ್ಟಳು. ಚಿತ್ರವನ್ನು ಹೇಗೆ ಬಿಡುವುದು? ಹುಡುಗಿಯ ಕೆಲಸ ಹಾಳಾಗಬಾರದೆಂದು ಗೀಟನ್ನೂ ಕಲೆಯನ್ನೂ ತಪ್ಪಿಸಿ, ಏನೂ ಇಲ್ಲದ ನಟ್ಟನಡುವೆ ಕುಂಕುಮದ ಬೊಟ್ಟು ಇಟ್ಟಳು.

ಮಧ್ಯಾಹ್ನ ಯಕ್ಷಿತಾ ಬಂದು ಚಿತ್ರದ ಮುಂದೆ ನಿಂತಳು.

"ಗೀಟಿಗೆ ನಾನು ಮುಟ್ಲಿಲ್ಲ ಆಯ್ತಾ," ಎಂದಳು ವಾರಿಜಾ. "ಖಾಲಿ ಇದ್ದಲ್ಲೇ ಇಟ್ಟದ್ದು."

"ನಾಳೆ ಇದು ಎಕ್ಸಿಬಿಷನ್‌ಗೆ ಹೋಗ್ಬೇಕಿತ್ತು, ಆಂಟಿ."

ಊಟಕ್ಕೆ ಕೂತರು. ಪಾಯಸ ಬಡಿಸುವಾಗ ವಾರಿಜಾಳ ಮಾತು ಬಾಯಿಯವರೆಗೆ ಬಂತು. ಆದರೆ ಹಾಳು ಮಾಡಿದ ಕೈಯನ್ನೇ ಚಾಚಿ ಕೇಳುವುದು ಹೇಗೆ? "ಇನ್ನೊಂದು ಸೌಟು ಹಾಕ್ಲಾ?" ಎಂದಷ್ಟೇ ಕೇಳಿದಳು.

ಹೊರಡುವ ದಿನ ಯಕ್ಷಿತಾ ಚಿತ್ರಕ್ಕೆ ಫ್ರೇಮ್ ಹಾಕಿಸಿ ತಂದು ತಾನೇ ಹಾಲ್‌ನಲ್ಲಿ ತೂಗುಹಾಕಿದಳು. "ಚೀನಾದಲ್ಲಿ ಚಿತ್ರ ಯಾರ ಹತ್ರ ಇರುತ್ತೋ ಅವರು ಕೆಂಪು ಸೀಲ್ ಒತ್ತುತ್ತಾರೆ, ಆಂಟಿ. ನೀವು ಒತ್ತಿ ಆಯ್ತಲ್ಲ, ಅಬ್ ಆಪ್ ಕಾ ಹೀ ಹೈ, ಇನ್ನು ನಿಮ್ದೇ." ಬಾಗಿಲಲ್ಲಿ ತಬ್ಬಿಕೊಂಡು, "ಸಂಡೇ ಬರ್ತೀನಿ, ಪಕ್ಕಾ," ಎಂದಳು.

ಭಾನುವಾರ ವಾರಿಜಾ ನೀರುದೋಸೆಗೆ ಅಕ್ಕಿ ಅರೆದಿಟ್ಟಳು. ಹನ್ನೊಂದಕ್ಕೆ ಫೋನ್ ಬಂತು. "ಟ್ರ್ಯಾಕ್ ರಿಪೇರಿಗೆ ಮೆಗಾಬ್ಲಾಕ್ ಇದೆ ಆಂಟಿ, ಲೋಕಲ್ ಟ್ರೇನ್ ಎಲ್ಲಾ ಲೇಟು. ನೆಕ್ಸ್ಟ್ ಸಂಡೇ?"

"ಆಯ್ತು ಮಗಾ. ರಶ್ಶಿನಲ್ಲಿ ಬರ್ಬೇಡ."

ಹಿಟ್ಟಿಗೆ ತಟ್ಟೆ ಮುಚ್ಚಿ ಫ್ರಿಜ್ಜಿಗಿಟ್ಟಳು. ಒಂದು ಲೋಟ ಚಹಾ ಮಾಡಿಕೊಂಡು ಚಿತ್ರದೆದುರು ಕೂತಳು. ಬೊಟ್ಟು ಗೀಟಿನಿಂದ ಬಹಳ ದೂರವಿತ್ತು. ಇನ್ನೊಂದಿಷ್ಟು ಹತ್ತಿರ ಇಡಬಹುದಿತ್ತು ಅನ್ನಿಸಿತು ಅವಳಿಗೆ.