ಮುಳ್ಳಕ್ಕ ಕ್ರೋನೋಗ್ರಾಫ್ ಪರೀಕ್ಷೆ ಮಾಡಿದ್ದು

ವಾರಪತ್ರಿಕೆಯೊಂದಕ್ಕೆ ಕೈಗಡಿಯಾರಗಳ ವಿಮರ್ಶೆ ಬರೆಯುತ್ತಿದ್ದ ಅವಳನ್ನು ಓದುಗರು ಮುಳ್ಳಕ್ಕ ಎಂದೇ ಕರೆಯುತ್ತಿದ್ದರು. ಗಡಿಯಾರದ ಮುಳ್ಳುಗಳ ಮೇಲೆ ಅವಳಿಗೆ ಎಷ್ಟು ಮೋಹವೋ, ಬರವಣಿಗೆಯೂ ಅಷ್ಟೇ ಚುಚ್ಚುತ್ತಿತ್ತು. ಅವಳ ಬಾಯಿಂದ ಒಂದು ಒಳ್ಳೆ ಮಾತು ಬರಿಸುವುದೆಂದರೆ ಮರಳಿನಿಂದ ಎಣ್ಣೆ ಹಿಂಡಿದ ಹಾಗೆ.

ಅಂಥವಳು ಆ ಶನಿವಾರ ಬೆಳಗ್ಗೆ ಡಬ್ಬಿ ತೆರೆದು ಬಿಟ್ಟ ಬಾಯಿ ಮುಚ್ಚಲಿಲ್ಲ. ಒಳಗಿದ್ದದ್ದು ಸ್ಟೀಲಿನ ಕ್ರೋನೋಗ್ರಾಫ್, ಅಂದರೆ ಸ್ಟಾಪ್ ವಾಚೂ ಆಗುವ ಕೈಗಡಿಯಾರ. ಬಿಳಿ ಡಯಲಿನೊಳಗೆ ಮೂರು ಪುಟ್ಟ ಡಯಲುಗಳು, ಗಾಜಿನ ಸುತ್ತ ಕಪ್ಪು ಸೆರಾಮಿಕ್ ಬಳೆ. ಆ ಕಪ್ಪು ಎಂಥದು ಅಂದರೆ, ಕಿಟಕಿಯ ಬೆಳಕು ಅದರ ಮೇಲೆ ಬಿದ್ದು ಜಾರಿಹೋಗುತ್ತಿತ್ತು. ಚೈನು ಕೈಮೇಲೆ ನೀರಿನ ಹಾಗೆ ಹರಿದು ಕೂತಿತು. ತಂದುಕೊಟ್ಟ ಕಂಪನಿಯವನು ಬಾಗಿಲಲ್ಲೇ ನಿಂತು, "ಮೇಡಂ, ಸೋಮವಾರ ವಾಪಸ್ ಒಯ್ತೀನಿ. ಒಂದು ಗೀರೂ ಬೀಳಬಾರದು" ಅಂದಿದ್ದ.

"ನಾನೇನು ಇದರಲ್ಲಿ ಮೊಳೆ ಹೊಡೀತೀನಾ?" ಎಂದು ಅವಳು ಗದರಿ ಕಳಿಸಿದ್ದಳು.

ಸೋಫಾದ ಮೇಲೆ ಕಾಲು ನೀಡಿ ಕೂತಿದ್ದ ತಂಗಿ ನಕ್ಕಳು. ಅವಳಿಗೆ ದಿನ ತುಂಬಿತ್ತು. ಗಂಡ ಬಸ್ ಡ್ರೈವರ್, ಹೊತ್ತಲ್ಲದ ಹೊತ್ತಿನ ಪಾಳಿ. ಹಾಗಾಗಿ ಹೆರಿಗೆಯವರೆಗೆ ಅಕ್ಕನ ಮನೆಯಲ್ಲಿದ್ದಳು. "ಅಕ್ಕಾ, ನಿನ್ನ ಮುಖ ನೋಡ್ಕೋ. ನನ್ನ ಮದುವೇಲೂ ಹೀಗೆ ಅರಳಿರಲಿಲ್ಲ."

"ನಿನ್ನ ಗಂಡನಿಗೆ ಮೂರು ಡಯಲ್ ಇರಲಿಲ್ಲವಲ್ಲ!"

ಈಗ ಪರೀಕ್ಷೆ ಆಗಬೇಕು. ಮೇಲಿನ ಗುಂಡಿ ಒತ್ತಿದರೆ ಸೆಕೆಂಡಿನ ಮುಳ್ಳು ಓಟ ಕೀಳುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ, ಕೆಳಗಿನದನ್ನು ಒತ್ತಿದರೆ ಸೊನ್ನೆಗೆ ಹಾರುತ್ತದೆ. ಆದರೆ ಅಳೆಯುವುದು ಏನನ್ನು? ರೇಸ್ ಕಾರು ಮನೆಯಲ್ಲಿ ಬಿದ್ದಿಲ್ಲ. ನೀರು ಕುದಿಯುವುದನ್ನು ಅಳೆದಳು, ಬಕೆಟ್ ತುಂಬುವುದನ್ನು ಅಳೆದಳು, ಲಿಫ್ಟಿನಲ್ಲಿ ಸುಮ್ಮಸುಮ್ಮನೆ ಕೆಳಗಿಳಿದು ಮೇಲೆ ಬಂದಳು. ಬಂದು, 'ಅಂದವೇನೋ ಸರಿ, ಆದರೆ ಈ ಗುಂಡಿಗಳು ಯಾವ ಪುರುಷಾರ್ಥಕ್ಕೆ?' ಎಂದು ಬರೆಯಲು ಕೂತಳು. ಅಷ್ಟರಲ್ಲಿ ಸೋಫಾದಿಂದ ಒಂದು ಕೂಗು ಬಂತು.

"ಅಕ್ಕಾ! ಶುರುವಾಯ್ತು ಅನ್ಸುತ್ತೆ!"

ಆಸ್ಪತ್ರೆಯ ನರ್ಸ್ ಫೋನಿನಲ್ಲಿ ಸಮಾಧಾನವಾಗಿ ಕೇಳಿದಳು: "ನೋವು ಎಷ್ಟು ಹೊತ್ತಿಗೊಂದು ಬರ್ತಿದೆ?"

"ಬರ್ತಾನೇ ಇದೆ!" ತಂಗಿ ಕಿರುಚಿದಳು.

"ಹಾಗಂದ್ರೆ ಆಗಲ್ಲಮ್ಮ. ಒಂದು ಶುರುವಾದಾಗಿಂದ ಮುಂದಿನದು ಶುರುವಾಗೋವರೆಗೆ ಎಷ್ಟು ಹೊತ್ತು ಅಂತ ಹಿಡೀರಿ. ಐದು ನಿಮಿಷಕ್ಕೊಂದು ಆದ್ರೆ ಹೊರಟುಬಿಡಿ."

ಮುಳ್ಳಕ್ಕನ ಹೆಬ್ಬೆರಳು ತಾನಾಗಿಯೇ ಗುಂಡಿಯ ಮೇಲೆ ಬಂದು ಕೂತಿತು. ಟಕ್. ಮುಳ್ಳು ಹೊರಟಿತು. ಮೊದಲು ಏಳು ನಿಮಿಷ. ಆಮೇಲೆ ಆರು. ನಡುವೆ ಬಸ್ ಡ್ರೈವರ್‌ಗೆ ಫೋನ್ ಮಾಡಿದಳು, ಚೀಲಕ್ಕೆ ಬಟ್ಟೆ ತುರುಕಿದಳು, ಟ್ಯಾಕ್ಸಿ ಕರೆದಳು. ಅದು ಐದಕ್ಕಿಳಿಯುವ ಹೊತ್ತಿಗೆ ಇಬ್ಬರೂ ರಸ್ತೆಯಲ್ಲಿದ್ದರು. ಅವಸರದಲ್ಲಿ ಟ್ಯಾಕ್ಸಿಯ ಬಾಗಿಲು ಚೈನಿನ ಕೊಂಡಿಗೆ ಕರ್ ಎಂದು ಉಜ್ಜಿತು. ಬೇರೆ ದಿನವಾಗಿದ್ದರೆ ಅವಳ ಜೀವವೇ ಹೋಗುತ್ತಿತ್ತು. ಇವತ್ತು ತಿರುಗಿಯೂ ನೋಡಲಿಲ್ಲ.

ಸೇತುವೆಯ ಮೇಲೆ ವಾಹನಗಳು ಇರುವೆ ಸಾಲಿನ ಹಾಗೆ ನಿಂತಿದ್ದವು. ತಂಗಿ ಗಡಿಯಾರದ ಸಮೇತ ಅಕ್ಕನ ಮಣಿಕಟ್ಟನ್ನು ಉಡದ ಪಟ್ಟಿನಲ್ಲಿ ಹಿಡಿದಳು.

"ಮೂರು!" ಎಂದು ಕೂಗಿದಳು ಮುಳ್ಳಕ್ಕ.

"ಇನ್ನು ಮೂರೇ ಕಿಲೋಮೀಟರಾ?" ಟ್ಯಾಕ್ಸಿಯವನು ಕೇಳಿದ.

"ಮೂರು ನಿಮಿಷಕ್ಕೊಂದು ನೋವು ಕಣಪ್ಪಾ!"

"ಅಯ್ಯಯ್ಯೋ, ಮೊದಲೇ ಹೇಳಬಾರದಾ!" ಎಂದವನೇ ಹಾರ್ನಿನ ಮೇಲೆ ಕೂತುಬಿಟ್ಟ. ಕಿಟಕಿಯಿಂದ ತಲೆ ಹೊರಹಾಕಿ, "ದಾರಿ ಬಿಡ್ರಪ್ಪಾ, ಮಗು ಬರ್ತಿದೆ!" ಎಂದು ಬೊಬ್ಬೆ ಹಾಕಿದ. ಯಾರೋ ಬಸ್ಸನ್ನು ಪಕ್ಕಕ್ಕೆ ಸರಿಸಿದರು, ಯಾರೋ ಸ್ಕೂಟರ್ ಇಳಿದು ಕೈಬೀಸಿ ದಾರಿ ಮಾಡಿಕೊಟ್ಟರು.

ಟಕ್. ಟಕ್.

"ಅಕ್ಕಾ, ಇನ್ನೊಂದ್ಸಲ ಟಕ್ ಅನ್ಸಿದ್ರೆ ಅದನ್ನ ಹೊಳೆಗೆ ಎಸೀತೀನಿ!"

"ಎಸಿಯೇ, ಹೆತ್ತಮೇಲೆ ಎಸಿ! ಈಗ ಉಸಿರು ಬಿಡು!"

ಆಸ್ಪತ್ರೆಯ ಬಾಗಿಲಲ್ಲಿ ಅದೇ ನರ್ಸ್ ಗಾಲಿಕುರ್ಚಿ ಹಿಡಿದು ನಿಂತಿದ್ದಳು. "ಎಷ್ಟು?"

"ಎರಡು ನಿಮಿಷಕ್ಕೊಂದು. ಬಂದರೆ ಒಂದು ನಿಮಿಷ ಇರುತ್ತೆ."

"ಹಾಗಾದ್ರೆ ವಾರ್ಡ್ ಬೇಡ, ನೇರ ಹೆರಿಗೆ ಕೋಣೆಗೇ" ಎಂದು ಅವಳು ತಂಗಿಯನ್ನು ತಳ್ಳಿಕೊಂಡು ಓಡಿದಳು. ಬಾಗಿಲು ಮುಚ್ಚಿತು. ಮುಳ್ಳಕ್ಕ ಹೊರಗೆ ಶತಪಥ ಹಾಕಿದಳು. ಕುರ್ಚಿಗಳು ಖಾಲಿಯಿದ್ದರೂ ಕೂರಲು ಆಗಲಿಲ್ಲ. ಒಳಗೆ ಏನೋ ಬಿದ್ದ ಸದ್ದು, ಗಡಿಬಿಡಿ. ಆಮೇಲೆ ಅಳು! ಎಂಥ ಅಳು! ಸೂರು ಹಾರಿಹೋಗುವಂಥ ಅಳು. ನರ್ಸ್ ತಲೆ ಹೊರಹಾಕಿ, "ತಾಯಿ ಮಗು ಇಬ್ಬರೂ ಗಟ್ಟಿ!" ಎಂದು ಮಾಯವಾದಳು. ಮುಳ್ಳಕ್ಕ ಕುಣಿದೇಬಿಟ್ಟಳು, ಯಾರದೋ ಔಷಧಿ ಹಿಡಿದು ನಿಂತಿದ್ದ ಮುದುಕರೊಬ್ಬರನ್ನು ತಬ್ಬಿಕೊಂಡಳು.

ಆಗ ಸಂಪಾದಕರ ಫೋನು. "ವಿಮರ್ಶೆ ಎಲ್ಲಮ್ಮಾ? ಪುಟ ಕಾಯ್ತಿದೆ."

"ಹೇಳ್ತೀನಿ, ಬರ್ಕೊಳ್ಳಿ ಸಾರ್!" ಕಣ್ಣೊರೆಸಿಕೊಂಡು ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಸೆರಾಮಿಕ್ ಬಳೆ: ಒಂದು ಗೀರೂ ಇಲ್ಲ, ನನ್ನ ಚರ್ಮದಲ್ಲಿ ಮಾತ್ರ ನಾಲ್ಕು ಉಗುರಿನ ಗುರುತು. ಕೊಂಡಿ ಉಜ್ಜಿದೆ, ತಪ್ಪು ನಮ್ಮದೇ, ಕಂಪನಿಗೆ ನಾನೇ ಹೇಳ್ತೀನಿ. ಗುಂಡಿ ಕಣ್ಣುಮುಚ್ಚಿ ಒತ್ತಿದರೂ ಕೈಗೆ ಗೊತ್ತಾಗುತ್ತೆ. ಟ್ಯಾಕ್ಸಿ ಕುಲುಕ್ತಿದ್ದರೂ ಪುಟ್ಟ ಡಯಲ್ ಓದಬಹುದು. ಸಾರ್, ಇದು ಬರೀ ಒಡವೆ ಅಲ್ಲ, ಇದು..."

"ನೀವು ಮುಳ್ಳಕ್ಕನೇ ತಾನೇ ಮಾತಾಡ್ತಿರೋದು?"

ಉತ್ತರ ಕೊಡುವಷ್ಟರಲ್ಲಿ ಮೆಟ್ಟಿಲ ಮೇಲೆ ದಬದಬ ಸದ್ದಾಯಿತು. ಯೂನಿಫಾರ್ಮಿನಲ್ಲೇ ಓಡಿಬಂದ ತಂಗಿಯ ಗಂಡ ಏದುಸಿರು ಬಿಡುತ್ತ ಅವಳ ಎರಡೂ ಭುಜ ಹಿಡಿದುಕೊಂಡ. "ಅತ್ತಿಗೆ! ಏನಾಯ್ತು? ಗಂಡೋ ಹೆಣ್ಣೋ?"

ಮುಳ್ಳಕ್ಕ ಹಣೆ ಚಚ್ಚಿಕೊಂಡಳು.

"ಕೇಳೋದೇ ಮರೆತೆ ಮಾರಾಯಾ!" ಎಂದವಳೇ ಅವನ ಕೈ ಹಿಡಿದೆಳೆದಳು. ಇಬ್ಬರೂ ನಗುತ್ತ, ಮುಗ್ಗರಿಸುತ್ತ, ಆ ಉದ್ದನೆಯ ಪಡಸಾಲೆಯಲ್ಲಿ ಅಳು ಕೇಳುತ್ತಿದ್ದ ಬಾಗಿಲ ಕಡೆ ಓಡಿದರು.